ನನ್ನ ಟೆಲಿಸ್ಕೋಪಿನ ಕನ್ನಡಿ ತೊಳೆದದ್ದು

ರಾತ್ರಿ ಹೊತ್ತು ಟಾರ್ಚ್ ಹಿಡಿದು ಟೆಲಿಸ್ಕೋಪಿನ ಕೊಳವೆಯೊಳಗೆ ಇಣುಕಬೇಡಿ. ತಳದಲ್ಲಿರುವ ಕನ್ನಡಿ ಎಷ್ಟೇ ಒಳ್ಳೆಯದಾಗಿದ್ದರೂ ಆ ಬೆಳಕಲ್ಲಿ ಕೊಳಕಾಗಿ ಕಾಣುತ್ತದೆ. ಮೊದಲ ವರ್ಷ ನಾನು ಹಾಗೆ ನೋಡಿ ಗಾಬರಿಯಾದೆ. ಕನ್ನಡಕ ಒರೆಸುವ ಬಟ್ಟೆ ತಂದು ಒಣ ಧೂಳನ್ನು ಹಾಗೇ ಒರೆಸಿಬಿಟ್ಟೆ. ಆಗ ಬಿದ್ದ ಕೂದಲೆಳೆಯಂಥ ಗೀರುಗಳು ಇವತ್ತಿಗೂ ಇವೆ.

ಮನೆಯ ಕನ್ನಡಿಯಲ್ಲಿ ಹೊಳೆಯುವ ಲೇಪ ಗಾಜಿನ ಹಿಂದಿರುತ್ತದೆ, ನಮ್ಮ ಬಟ್ಟೆ ಅದಕ್ಕೆ ತಾಗುವುದಿಲ್ಲ. ಟೆಲಿಸ್ಕೋಪಿನಲ್ಲಿ ಅಲ್ಯೂಮಿನಿಯಂ ಲೇಪ ಗಾಜಿನ ಮುಂದೆಯೇ ಇರುತ್ತದೆ. ಅದರ ದಪ್ಪ ಸುಮಾರು 100 ನ್ಯಾನೋಮೀಟರ್ ಅಷ್ಟೇ. ಧೂಳಿನಲ್ಲಿ ಮರಳಿನ ಕಣಗಳೂ ಇರುತ್ತವೆ, ಅಲ್ವಾ? ಒತ್ತಿ ಒರೆಸಿದರೆ ಉಪ್ಪುಕಾಗದ ತಿಕ್ಕಿದ ಹಾಗೆ.

ಆಮೇಲೆ ನಾಲ್ಕು ವರ್ಷ ಕನ್ನಡಿ ಮುಟ್ಟಲಿಲ್ಲ. ರಬ್ಬರ್ ಬ್ಲೋವರಿನಿಂದ ಗಾಳಿ ಊದುತ್ತಿದ್ದೆ, ಸಾಕಾಗುತ್ತಿತ್ತು. ತೆಳುವಾದ ಧೂಳಿನಿಂದ ನಷ್ಟವಾಗುವ ಬೆಳಕು ತೀರಾ ಕಡಿಮೆ. ಆದರೆ ಇಬ್ಬನಿ ಒಣಗಿ ಕಲೆಗಳು ಕಟ್ಟಿದ್ದವು, ಮೇಲೆ ಜಿಡ್ಡಿನ ಪೊರೆ ಕೂತಿತ್ತು. ಚಂದ್ರನ ಸುತ್ತ ಮಂಜು ಕವಿದ ಹಾಗೆ ಬಿಳುಪು ಕಾಣತೊಡಗಿತು. ಆಗ ತೊಳೆಯಲೇಬೇಕು ಅನಿಸಿತು.

ಕೊಳವೆಯನ್ನು ಅಡ್ಡ ಮಲಗಿಸಿದೆ. ನಿಲ್ಲಿಸಿ ಬಿಚ್ಚಿದರೆ ಕೈಜಾರಿದ ಸ್ಕ್ರೂ ಅಥವಾ ಸ್ಪಾನರ್ ಕನ್ನಡಿಯ ಮೇಲೇ ಬೀಳಬಹುದು. ಯಾವ ಕಡೆ ಮೇಲಿತ್ತು ಅಂತ ಪೆನ್ಸಿಲ್ ಗುರುತು ಹಾಕಿಕೊಂಡೆ. ಬೆರಳಿನ ಉಂಗುರ ತೆಗೆದಿಟ್ಟೆ. 8 ಇಂಚಿನ ಕನ್ನಡಿಯನ್ನು ಅಂಚು ಹಿಡಿದು ಎತ್ತಿ, ದಪ್ಪ ಟವೆಲ್ ಹಾಸಿದ ಬೇಸನ್ನಿನಲ್ಲಿ ಇಟ್ಟೆ.

ಮೊದಲು ನಲ್ಲಿಯ ನೀರನ್ನು ಸುಮ್ನೆ ಹರಿಯಬಿಟ್ಟೆ, ಐದು ನಿಮಿಷ. ಮರಳಿನ ಕಣಗಳು ಹೋಗುವುದು ಇಲ್ಲೇ, ಆದ್ದರಿಂದ ಅವಸರ ಮಾಡಲೇಬಾರದು. ನಂತರ ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ ಹಾಕಿ, ಅದರಲ್ಲಿ ಕಾಲು ಗಂಟೆ ನೆನೆಯಲು ಬಿಟ್ಟೆ. ಹತ್ತಿ ಉಂಡೆಯನ್ನು ನೀರಿನೊಳಗೇ ಕನ್ನಡಿಯ ಮೇಲಿಟ್ಟು, ಅದರ ತೂಕವಷ್ಟೇ ಬೀಳುವ ಹಾಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಎಳೆದೆ. ಒಂದು ಎಳೆತಕ್ಕೆ ಒಂದು ಹತ್ತಿ, ಆಮೇಲೆ ಅದನ್ನು ಎಸೆಯಬೇಕು. ಹೋಗದ ಕಲೆ ಒಂದೆರಡು ಉಳಿದವು. ಹಾಗೇ ಬಿಟ್ಟೆ. ನಡುವೆ ಅಂಟಿಸಿದ ಸಣ್ಣ ಬಳೆಯಂಥ ಗುರುತನ್ನು ಮಾತ್ರ ಕೀಳಬೇಡಿ. ಅದು ಕೊಳವೆಯ ಬಾಯಿಯ ಹತ್ತಿರ ಇರುವ ಸಣ್ಣ ಎರಡನೇ ಕನ್ನಡಿಯ ನೆರಳಲ್ಲಿ ಇರುವುದರಿಂದ ನೋಟಕ್ಕೆ ಅಡ್ಡಿಯಿಲ್ಲ, ಕನ್ನಡಿಗಳನ್ನು ನೇರಕ್ಕೆ ಹೊಂದಿಸುವಾಗ ಅದೇ ಆಧಾರ.

ಕೊನೆಯ ಸುತ್ತು ಡಿಸ್ಟಿಲ್ಡ್ ವಾಟರಿನದು. ನಲ್ಲಿ ನೀರು ಒಣಗಿದರೆ ಉಪ್ಪಿನ ಕಲೆ ಉಳಿಯುತ್ತದೆ. ಕನ್ನಡಿಯನ್ನು ಅಂಚಿನ ಮೇಲೆ ನಿಲ್ಲಿಸಿ, ನಿಂತ ಹನಿಗಳನ್ನು ಟಿಶ್ಯೂ ಕಾಗದದ ತುದಿಯಿಂದ ಹೀರಿಸಿದೆ. ಒರೆಸಲಿಲ್ಲ.

ನಿಜವಾದ ಪಾಠ ಸಿಕ್ಕಿದ್ದು ವಾಪಸ್ ಜೋಡಿಸಿದ ಮೇಲೆ. ಕನ್ನಡಿ ಫಳಫಳ ಹೊಳೆಯುತ್ತಿತ್ತು, ಆದರೆ ನಕ್ಷತ್ರಗಳು ಮೂರು ಮೂಲೆಯಾಗಿ ಕಂಡವು! ಕೊಲಿಮೇಷನ್, ಅಂದರೆ ಎರಡು ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು, ತಪ್ಪಿರಬೇಕು ಅಂದುಕೊಂಡು ಎರಡು ರಾತ್ರಿ ತಿರುಪುಗಳ ಜೊತೆ ಒದ್ದಾಡಿದೆ. ತಪ್ಪು ಅಲ್ಲಿರಲಿಲ್ಲ. ಕನ್ನಡಿ ಜಾರದಿರಲಿ ಅಂತ ಅಂಚಿನ ಮೂರು ಕ್ಲಿಪ್ಪುಗಳನ್ನು ಬಿಗಿಯಾಗಿ ತಿರುಗಿಸಿದ್ದೆ. ಅಷ್ಟು ದಪ್ಪ ಗಾಜೂ ಆ ಒತ್ತಡಕ್ಕೆ ಬಾಗುತ್ತದೆ. ಕ್ಲಿಪ್ ಮತ್ತು ಗಾಜಿನ ನಡುವೆ ಒಂದು ಕಾಗದ ಸಲೀಸಾಗಿ ಜಾರುವಷ್ಟು ಜಾಗ ಬಿಟ್ಟು, ಮತ್ತೆ ಕೊಲಿಮೇಷನ್ ಮಾಡಿದೆ. ಆ ರಾತ್ರಿ ನಕ್ಷತ್ರವನ್ನು ಸ್ವಲ್ಪ ಫೋಕಸ್ ತಪ್ಪಿಸಿ ನೋಡಿದಾಗ ಉಂಗುರಗಳು ದುಂಡಗೆ, ಒಂದರೊಳಗೊಂದು ಬಂದವು. ನನಗೆ ತುಂಬಾ ಸಮಾಧಾನವಾಯಿತು.

ಈಗ ಇಬ್ಬನಿ ಬಿದ್ದ ರಾತ್ರಿ ಟೆಲಿಸ್ಕೋಪನ್ನು ಒಳಗೆ ತಂದ ಕೂಡಲೇ ಮುಚ್ಚಳ ಹಾಕುವುದಿಲ್ಲ. ಕೊಳವೆಯ ಬಾಯಿ ಕೊಂಚ ಕೆಳಗೆ ವಾಲಿಸಿ, ತೇವ ಪೂರ್ತಿ ಆರಿದ ಮೇಲೆ ಮುಚ್ಚುತ್ತೇನೆ. ಹೀಗೆ ಮಾಡತೊಡಗಿದ ಮೇಲೆ ಮೂರು ವರ್ಷ ಕಳೆದಿದೆ, ಇನ್ನೂ ತೊಳೆಯುವ ಹಾಗಾಗಿಲ್ಲ.