ಬಾಸ್ಟನ್‌ಗೆ ಹೊರಟವರಿಗೆ: ಮನೆ ಮುಂದಿನ ಸ್ನೋ ಯಾರು ತೆಗೆಯಬೇಕು?

ಹೋದ ಭಾನುವಾರ ಮಂಡ್ಯದಿಂದ ನಮ್ಮ ನೆಂಟರೊಬ್ಬರು ಮಗಳನ್ನು ಕರೆದುಕೊಂಡು ಮೈಸೂರಿಗೆ, ಕುವೆಂಪುನಗರದ ನಮ್ಮ ಮನೆಗೆ ಬಂದಿದ್ದರು. ಹುಡುಗಿಗೆ ಬಾಸ್ಟನ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ ಹೊರಡುತ್ತಾಳೆ. ನಾನು ಒಂಬತ್ತು ವರ್ಷ ಅಲ್ಲಿದ್ದು ಬಂದವಳು, ಅದಕ್ಕೇ ವಿಚಾರಿಸಲು ಬಂದಿದ್ದರು. ಅಪ್ಪ ಕಬ್ಬು ಬೆಳೆಯುವವರು. ಫೀಸು, ಬಾಡಿಗೆ ಇವುಗಳಿಗಿಂತ ಸ್ನೋದ್ದೇ ಅವರಿಗೆ ಜಾಸ್ತಿ ಚಿಂತೆ. ನಾನು 2015ರ ಫೋಟೋಗಳನ್ನು ತೆಗೆದು ತೋರಿಸಿದೆ. ಒಂದರಲ್ಲಿ ನನ್ನ ತಲೆಗಿಂತ ಎತ್ತರದ ಬಿಳಿ ಗುಡ್ಡೆಯ ಪಕ್ಕ ಸಲಿಕೆ ಹಿಡಿದು ನಿಂತಿದ್ದೇನೆ. ಅದನ್ನು ನೋಡಿ ಕೇಳಿದರು: “ಅಲ್ಲ ಕಣಕ್ಕಾ, ಮನೆ ಮುಂದ್ಲದ್ನ ನೀವೇ ಎತ್ತಬೇಕಾ? ಮುನ್ಸಿಪಾಲ್ಟಿಯೋರು ಏನ್ ಮಾಡ್ತಾರೆ?”

ನಾನು ಒಂಬತ್ತು ವರ್ಷದಲ್ಲಿ ಕಲಿತದ್ದೆಲ್ಲ ಈ ಪ್ರಶ್ನೆಯ ಒಳಗೇ ಇದೆ. ಬಾಸ್ಟನ್‌ನ ಚಳಿಗೆ ಒಳ್ಳೆಯ ಕೋಟು ಸಾಕು. ಆದರೆ ಯಾವ ಸ್ನೋ ಯಾರದು, ಎಷ್ಟು ಹೊತ್ತಿನೊಳಗೆ ತೆಗೆಯಬೇಕು ಅನ್ನುವುದು ಗೊತ್ತಿಲ್ಲದಿದ್ದರೆ ಮೊದಲ ವರ್ಷ ಬಹಳ ಕಷ್ಟಪಡುತ್ತೀರಿ. ಅವಳಿಗೆ ಅವತ್ತು ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಮ್ಮಲ್ಲಿ ‘ಮಂಜು’ ಅಂದರೆ ಡಿಸೆಂಬರ್ ಬೆಳಿಗ್ಗೆ ಚಾಮುಂಡಿ ಬೆಟ್ಟವನ್ನು ಮುಚ್ಚಿ, ಒಂಬತ್ತು ಗಂಟೆಗೆ ತಾನೇ ಕರಗಿ ಹೋಗುವಂಥದ್ದು. ಸ್ನೋ ಹಾಗಲ್ಲ. ಬಿದ್ದದ್ದು ಬಿದ್ದಲ್ಲೇ ಕೂರುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಯಾರಾದರೂ ಎತ್ತಿ ಬೇರೆ ಕಡೆ ಹಾಕಲೇಬೇಕು.

2014-15ರ ಚಳಿಗಾಲದಲ್ಲಿ ಬಾಸ್ಟನ್‌ಗೆ ಬಿದ್ದದ್ದು 110.6 ಇಂಚು. ಒಂಬತ್ತು ಅಡಿಗೂ ಮೇಲೆ. ಸಾಮಾನ್ಯ ವರ್ಷದಲ್ಲಿ ಸುಮಾರು ನಾಲ್ಕು ಅಡಿ ಬೀಳುತ್ತದೆ. ಅದಕ್ಕೂ ಮುಂಚಿನ ದಾಖಲೆ 1995-96ರ 107.6 ಇಂಚು. ವಿಚಿತ್ರ ಅಂದರೆ, 2015ರಲ್ಲಿ ಸಂಕ್ರಾಂತಿ ಕಳೆದು ಒಂದು ವಾರವಾದರೂ ಹೇಳಿಕೊಳ್ಳುವಷ್ಟು ಸ್ನೋ ಬಿದ್ದಿರಲಿಲ್ಲ. ಈ ಸಲ ಬಚಾವಾದೆವು ಅಂದುಕೊಂಡಿದ್ದೆವು. ಜನವರಿ 26ರ ಸಂಜೆ ಶುರುವಾಯಿತು. ಇಲ್ಲಿ ಅಮ್ಮ ಟಿವಿಯಲ್ಲಿ ಗಣರಾಜ್ಯೋತ್ಸವದ ಪೆರೇಡ್ ನೋಡಿ ಮುಗಿಸಿದ್ದರು. ಅಲ್ಲಿ ರಾಜ್ಯದ ಗವರ್ನರ್ ಮಧ್ಯರಾತ್ರಿಯಿಂದ ಯಾರೂ ಗಾಡಿ ತೆಗೆಯಬಾರದು ಅಂತ ಆದೇಶ ಹೊರಡಿಸಿದ್ದರು. ಆ ಒಂದೇ ಬಿರುಗಾಳಿಯಲ್ಲಿ ಎರಡು ಅಡಿ ಬಿತ್ತು. ಆಮೇಲೆ ಬಿಡುವೇ ಕೊಡಲಿಲ್ಲ. ಫೆಬ್ರವರಿ ಒಂದೇ ತಿಂಗಳಲ್ಲಿ 64.8 ಇಂಚು.

ಈಗ ಪ್ರಶ್ನೆಗೆ ಬರೋಣ. ರಸ್ತೆ ಊರಿನದು, ಅಂದರೆ ಅಲ್ಲಿನ ಮುನ್ಸಿಪಾಲ್ಟಿಯದು. ಫುಟ್‌ಪಾತ್ ಮನೆಯವರದು. ಕಾರು ನಿಮ್ಮದು.

ಫುಟ್‌ಪಾತ್ ಊರಿನ ಆಸ್ತಿಯೇ ಆದರೂ ಅದರ ಮೇಲಿನ ಸ್ನೋ ತೆಗೆಯುವುದು ಪಕ್ಕದ ಮನೆ ಅಥವಾ ಅಂಗಡಿಯ ಮಾಲೀಕರ ಜವಾಬ್ದಾರಿ. ಸ್ನೋ ನಿಂತ 3 ಗಂಟೆಯೊಳಗೆ ತೆಗೆಯಬೇಕು. ರಾತ್ರಿ ನಿಂತರೆ ಸೂರ್ಯ ಹುಟ್ಟಿದ ಮೇಲೆ 3 ಗಂಟೆ. ದಾರಿ 42 ಇಂಚು ಅಗಲ ಇರಬೇಕು, ಅಂದರೆ ಮೂರೂವರೆ ಅಡಿ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಹೋಗಬೇಕಲ್ಲ, ಅದಕ್ಕೆ ಈ ಅಳತೆ. ತೆಗೆದದ್ದನ್ನು ರಸ್ತೆಗೆ ಎಸೆಯುವ ಹಾಗಿಲ್ಲ. ಎಸೆದರೂ ದಂಡ, ತೆಗೆಯದಿದ್ದರೂ ದಂಡ.

ಇದನ್ನು ಹೇಳಿದಾಗ ಹುಡುಗಿಯ ಅಪ್ಪನಿಗೆ ಸ್ವಲ್ಪ ಹೊತ್ತು ಒಪ್ಪಿಗೆಯಾಗಲಿಲ್ಲ. ತೆರಿಗೆ ತೆಗೆದುಕೊಂಡು ಇದ್ಯಾವ ನ್ಯಾಯ ಅಂದರು. ನಾನು ನಮ್ಮ ಬೀದಿಯನ್ನೇ ತೋರಿಸಿದೆ. ಬೆಳಿಗ್ಗೆ ಎದ್ದು ನಾವು ಬಾಗಿಲು ಗುಡಿಸಿ, ನೀರು ಹಾಕಿ, ರಂಗೋಲಿ ಇಡುತ್ತೇವಲ್ಲ, ಆ ಜಾಗ ನಮ್ಮದಾ? ಗೇಟಿನ ಆಚೆಗಿರುವುದು. ಕಾರ್ಪೊರೇಷನ್‌ನದು. ಆದರೂ ಅದು ನಮ್ಮ ಬಾಗಿಲು. ಬಾಸ್ಟನ್‌ನ ಫುಟ್‌ಪಾತನ್ನೂ ಹಾಗೇ ಅಂದುಕೊಳ್ಳಿ. ಆಮೇಲೆ ಸಲಿಕೆ ಭಾರ ಅನಿಸುವುದಿಲ್ಲ. ನನಗೆ ಹಾಗೇ ಆಯಿತು.

ಬಾಡಿಗೆಗೆ ಇರುವವರು ಕರಾರು ಪತ್ರ ಓದಲೇಬೇಕು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ನಿಯಮದ ಪ್ರಕಾರ ಮೆಟ್ಟಿಲು, ಹೊರಬಾಗಿಲುಗಳ ಸ್ನೋ ತೆಗೆಸುವುದು ಮಾಲೀಕರ ಕೆಲಸ. ನಿಮಗೊಬ್ಬರಿಗೇ ಬೇರೆ ಬಾಗಿಲಿದ್ದು, ಕರಾರಿನಲ್ಲಿ ಬರೆದಿದ್ದರೆ ಮಾತ್ರ ಅದು ನಿಮ್ಮ ಮೇಲೆ ಬರುತ್ತದೆ. ಎಲ್ಲರೂ ಓಡಾಡುವ ಮೆಟ್ಟಿಲನ್ನು ನಿಮ್ಮ ತಲೆಗೆ ಕಟ್ಟಿದರೆ ಪ್ರಶ್ನೆ ಮಾಡಿ. ಹಾಗೆಯೇ ಮನೆಯೊಳಗೆ ಹಗಲು 68 ಡಿಗ್ರಿ, ರಾತ್ರಿ 64 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಬರುವಂತೆ ವ್ಯವಸ್ಥೆ ಇರಬೇಕು. ನಮ್ಮ ಲೆಕ್ಕದಲ್ಲಿ 20 ಮತ್ತು 18 ಡಿಗ್ರಿ. ಬಿಲ್ ಯಾರು ಕಟ್ಟಬೇಕು ಅನ್ನುವುದೂ ಕರಾರಿನಲ್ಲೇ ಇರುತ್ತದೆ. ಸಹಿ ಹಾಕುವ ಮುಂಚೆ ಕೇಳಿ. ನಮ್ಮ ಮಕ್ಕಳು ಆಗಸ್ಟ್ ಬಿಸಿಲಲ್ಲಿ ಮನೆ ನೋಡಿ, ಹೀಟಿಂಗ್ ವಿಷಯವನ್ನೇ ಕೇಳದೆ ಸಹಿ ಹಾಕಿಬಿಡುತ್ತಾರೆ. ಜನವರಿಯಲ್ಲಿ ಬಿಲ್ ಬಂದಾಗ ಕಣ್ಣೀರು. ಮಾಲೀಕರು ಸ್ಪಂದಿಸದಿದ್ದರೆ 311ಕ್ಕೆ ಫೋನ್ ಮಾಡಬಹುದು. ಅದು ಊರಿನ ದೂರಿನ ನಂಬರ್. ಪ್ರಾಣಕ್ಕೆ ಅಪಾಯ ಅಂದಾಗ ಮಾತ್ರ 911.

ಕಾರಿದ್ದವರ ಕಥೆ ಉದ್ದ. ದೊಡ್ಡ ಬಿರುಗಾಳಿ ಬರುವ ಮುಂಚೆ ಊರಿನವರು ‘ಸ್ನೋ ಎಮರ್ಜೆನ್ಸಿ’ ಘೋಷಿಸುತ್ತಾರೆ. ಆಗ ಬೋರ್ಡ್ ಹಾಕಿರುವ ಮುಖ್ಯ ರಸ್ತೆಗಳಲ್ಲಿ ಕಾರು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಎಳೆದುಕೊಂಡು ಹೋಗುತ್ತಾರೆ. ದಂಡ ಬೇರೆ, ಎಳೆದ ಖರ್ಚು ಬೇರೆ. ಊರಿನ ನಿವಾಸಿಗಳಿಗೆ ಕೆಲವು ಗ್ಯಾರೇಜ್‌ಗಳಲ್ಲಿ ಕಡಿಮೆ ದರಕ್ಕೆ ಜಾಗ ಸಿಗುತ್ತದೆ. ಆ ಪಟ್ಟಿಯನ್ನು ಡಿಸೆಂಬರ್‌ನಲ್ಲೇ ನೋಡಿಟ್ಟುಕೊಳ್ಳಿ. ಪಕ್ಕದ ಕೇಂಬ್ರಿಡ್ಜ್, ಸಮರ್‌ವಿಲ್‌ಗಳದ್ದು ಬೇರೆ ಊರು, ಬೇರೆ ನಿಯಮ. ಗೆಳತಿಯ ಮನೆಗೆ ಹೋಗಿ ಅಲ್ಲೇ ಉಳಿಯುವುದಾದರೆ ಅಲ್ಲಿನ ನಿಯಮ ಕೇಳಿಕೊಳ್ಳಿ.

ಚಿಕ್ಕ ರಸ್ತೆಯಲ್ಲಿ ನಿಲ್ಲಿಸಿದ್ದರೆ ಕಾರು ಹೂತು ಹೋಗುತ್ತದೆ. ನಾವು ಬಾಸ್ಟನ್‌ನ ಬ್ರೈಟನ್ ಬಡಾವಣೆಯಲ್ಲಿ, ಮೂರು ಮಹಡಿಯ ಮರದ ಮನೆಯ ಎರಡನೇ ಮಹಡಿಯಲ್ಲಿದ್ದೆವು. ಜನವರಿ 28ರ ಬೆಳಿಗ್ಗೆ ಎರಡೂವರೆ ಗಂಟೆ ಅಗೆದು ಕಾರು ಬಿಡಿಸಿಕೊಂಡೆವು. ಸಲಿಕೆ ಒಳಗಿಡುವಷ್ಟರಲ್ಲಿ ಪ್ಲೋ ಗಾಡಿ ಬಂದು ರಸ್ತೆಯ ಸ್ನೋವನ್ನೆಲ್ಲ ಮತ್ತೆ ಕಾರಿನ ಬದಿಗೆ ತಳ್ಳಿಕೊಂಡು ಹೋಯಿತು. ನನಗೆ ಅಳುವೇ ಬಂತು. ಅದು ಯಾರ ತಪ್ಪೂ ಅಲ್ಲ, ಗಾಡಿಗೆ ತಳ್ಳಲು ಬೇರೆ ಜಾಗವಿಲ್ಲ. ಎರಡನೇ ಸಲ ಅಗೆಯುವಾಗ ಎದುರು ಮನೆಯ ಅಜ್ಜ ತಮ್ಮ ಸಲಿಕೆ ತಂದು ಜೊತೆಗೆ ನಿಂತರು. ಮೂರು ವರ್ಷದಲ್ಲಿ ನಾವು ಮಾತಾಡಿದ್ದು ಅದೇ ಮೊದಲು.

ಹೀಗೆ ಬೆವರು ಸುರಿಸಿ ಮಾಡಿದ ಜಾಗದಲ್ಲಿ ಜನ ಹಳೇ ಕುರ್ಚಿ, ಕಸದ ಡಬ್ಬ, ಇಸ್ತ್ರಿ ಮಣೆ ಏನಾದರೂ ಇಟ್ಟು ಹೋಗುತ್ತಾರೆ. ‘ಸ್ಪೇಸ್ ಸೇವರ್’ ಅನ್ನುತ್ತಾರೆ. ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಅದೇ. ಸ್ನೋ ಎಮರ್ಜೆನ್ಸಿ ಮುಗಿದ ಮೇಲೆ 48 ಗಂಟೆವರೆಗೆ ಊರಿನವರು ಇದಕ್ಕೆ ಅವಕಾಶ ಕೊಡುತ್ತಾರೆ. ಆಮೇಲೆ ಕಸದ ಲಾರಿಯವರು ಎತ್ತಿಕೊಂಡು ಹೋಗುತ್ತಾರೆ. ಸೌತ್ ಎಂಡ್ ಬಡಾವಣೆಯವರು ಮಾತ್ರ ಈ ಪದ್ಧತಿ ಬೇಡ ಅಂದಿದ್ದಾರೆ. ದಯವಿಟ್ಟು ಬೇರೆಯವರ ಕುರ್ಚಿ ಸರಿಸಿ ಕಾರು ನಿಲ್ಲಿಸಬೇಡಿ. ಟೈರಿನ ಗಾಳಿ ಬಿಟ್ಟ ಜಗಳಗಳೂ ಆಗುತ್ತವೆ. ಅದಕ್ಕಿಂತ, ಅದು ಇನ್ನೊಬ್ಬರ ಬೆನ್ನುನೋವಿನ ಜಾಗ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಲೇಬೇಡಿ. ಕಾರು ಸ್ಟಾರ್ಟ್ ಮಾಡುವ ಮುಂಚೆ ಹಿಂದಿನ ಹೊಗೆ ಕೊಳವೆಯ ಸುತ್ತಲಿನ ಸ್ನೋ ತೆಗೆಯಿರಿ. ಕೊಳವೆ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀವು ಅಗೆಯುವಾಗ ಮಕ್ಕಳು ಬೆಚ್ಚಗಿರಲಿ ಅಂತ ಕಾರೊಳಗೆ ಕೂರಿಸಿ ಹೀಟರ್ ಹಾಕಬೇಡಿ. ಮನೆಯ ಹೀಟಿಂಗ್ ಕೊಳವೆ ಗೋಡೆಯಿಂದ ಹೊರಗೆ ಬಂದಿದ್ದರೆ ಅದರ ಬಾಯಿಯನ್ನೂ ಬಿಡಿಸಿಡಿ. ಇನ್ನೊಂದು, ಮೈಸೂರಿಂದ ಬಂದಿರುವ ಅಪ್ಪ, ಮಾವನ ಕೈಗೆ ಸಲಿಕೆ ಕೊಡಬೇಡಿ. ಸುಮ್ನೆ ಕೂರಲು ಅವರಿಗೆ ಬೇಜಾರು, ನಾನೂ ಒಂದು ಕೈ ಹಾಕುತ್ತೇನೆ ಅನ್ನುತ್ತಾರೆ. ಚಳಿಗೆ ರಕ್ತನಾಳ ಬಿಗಿಯಾಗುತ್ತದೆ, ಒದ್ದೆ ಸ್ನೋ ಎತ್ತಲು ಕಲ್ಲಿನಷ್ಟು ಭಾರ. ಹೃದಯಾಘಾತವಾಗುವುದು ಹೀಗೇ. ಅವರಿಗೆ ಕಿಟಕಿ ಪಕ್ಕ ಕುರ್ಚಿ ಹಾಕಿ ಕಾಫಿ ಕೊಡಿ.

ಉಪ್ಪು ಎಲ್ಲರ ಮನೆಯಲ್ಲೂ ಇರುತ್ತದೆ, ಊಟಕ್ಕಲ್ಲ, ಮೆಟ್ಟಿಲಿಗೆ. ಕುಲ್ಫಿಯವರು ಐಸಿಗೆ ಉಪ್ಪು ಹಾಕುವುದನ್ನು ನೋಡಿದ್ದೀರಲ್ಲ, ಅದೇ ತತ್ವ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುವುದಿಲ್ಲ. ಆದರೆ ಮೈನಸ್ 9 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಆ ಫೆಬ್ರವರಿಯಲ್ಲಿ ನಮ್ಮ ಮಲಗುವ ಕೋಣೆಯ ಕಿಟಕಿ ಮೇಲಿಂದ ನೀರು ಇಳಿಯತೊಡಗಿತು. ಮನೆಯ ಬಿಸಿಗೆ ಸೂರಿನ ಮೇಲಿನ ಸ್ನೋ ಕರಗಿ, ಅಂಚಿಗೆ ಬಂದು ಮತ್ತೆ ಗಡ್ಡೆಕಟ್ಟಿ, ಹಿಂದಿನ ನೀರಿಗೆ ದಾರಿಯಿಲ್ಲದೆ ಗೋಡೆಯೊಳಗೆ ನುಗ್ಗುತ್ತದೆ. ಮಾಲೀಕರು ಉದ್ದ ಕಾಲುಚೀಲಗಳಲ್ಲಿ ಈ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಸೂರಿನ ಅಂಚಿಗೆ ಅಡ್ಡಡ್ಡ ಇಟ್ಟರು. ಕಾಲುಚೀಲ ಇಟ್ಟಲ್ಲೆಲ್ಲ ಒಂದೊಂದು ಕಾಲುವೆ ಬಿಟ್ಟುಕೊಂಡಿತು. ನಿಮ್ಮ ಮನೆಯಲ್ಲಿ ಹೀಗಾದರೆ ಮೊದಲು ಫೋಟೋ ತೆಗೆದು ಮಾಲೀಕರಿಗೆ ಕಳಿಸಿ. ನೀವೇ ಸೂರು ಹತ್ತಬೇಡಿ.

ರೈಲನ್ನೂ ಪೂರ್ತಿ ನಂಬಿಕೊಳ್ಳಬೇಡಿ. ಅಲ್ಲಿನ ಮೆಟ್ರೋಗೆ ‘ಟಿ’ ಅನ್ನುತ್ತಾರೆ. ಅದರ ಕೆಲವು ಮಾರ್ಗಗಳಿಗೆ ನಮ್ಮ ಮೆಟ್ರೋ ಹಾಗೆಯೇ ಪಕ್ಕದ ಮೂರನೇ ಹಳಿಯಿಂದ ಕರೆಂಟು ಬರುತ್ತದೆ. ಹಳಿಯ ಮೇಲೆ ಐಸ್ ಕಟ್ಟಿದರೆ ರೈಲು ನಿಂತಲ್ಲೇ ನಿಲ್ಲುತ್ತದೆ. 2015ರ ಫೆಬ್ರವರಿ 10ರಂದು ಇಡೀ ದಿನ ರೈಲೇ ಇರಲಿಲ್ಲ. ಶಾಲೆಗಳಿಗೂ ರಜೆ ಮೇಲೆ ರಜೆ. ಆದರೆ ವರ್ಷಕ್ಕೆ 180 ದಿನ ಶಾಲೆ ನಡೆಯಲೇಬೇಕಾದ್ದರಿಂದ ಆ ರಜೆಯೆಲ್ಲ ಜೂನ್‌ನಲ್ಲಿ ವಾಪಸ್ ಕೊಡಬೇಕು. ಮಕ್ಕಳಿದ್ದವರು ಜೂನ್ ಕೊನೆಗೆ ಊರಿಗೆ ಟಿಕೆಟ್ ಮಾಡುವಾಗ ಇದನ್ನು ನೆನಪಿಡಿ. ಹವಾಮಾನದವರು ‘ವಾಚ್’ ಅಂದರೆ ಬರಬಹುದು, ‘ವಾರ್ನಿಂಗ್’ ಅಂದರೆ ಬಂತು ಅಂತ ಅರ್ಥ. ವಾಚ್ ಅಂದ ದಿನವೇ ಹಾಲು, ತರಕಾರಿ, ಔಷಧಿ ತಂದಿಟ್ಟುಕೊಳ್ಳಿ. ವಾರ್ನಿಂಗ್ ಬಂದ ಮೇಲೆ ಅಂಗಡಿಗೆ ಹೋದರೆ ಹಾಲಿನ ಕಪಾಟು ಖಾಲಿ ಇರುತ್ತದೆ, ಮೊಸರಿಗೆ ಹೆಪ್ಪು ಹಾಕಲೂ ಸಿಗುವುದಿಲ್ಲ. ಅಂದಹಾಗೆ ಆ ಚಳಿಯಲ್ಲಿ ಹೆಪ್ಪು ಹಾಕಿದ ಪಾತ್ರೆಯನ್ನು ಓವನ್‌ನೊಳಗೆ ಬರೀ ದೀಪ ಹಾಕಿ ಇಡಬೇಕು. ದೋಸೆ ಹಿಟ್ಟಿಗೂ ಅದೇ.

ಇಷ್ಟೆಲ್ಲ ಕೇಳಿ ಹುಡುಗಿ ಮುಖ ಸಣ್ಣ ಮಾಡಿಕೊಂಡಳು. ಆಗ ಅವಳಿಗೆ ಆ ಜನವರಿ 27ರ ರಾತ್ರಿಯ ಕಥೆ ಹೇಳಿದೆ. ಗಾಳಿ ನಿಂತಿತ್ತು. ನಾವು ಬೂಟು ಹಾಕಿಕೊಂಡು ಕೆಳಗಿಳಿದೆವು. ರಸ್ತೆಯಲ್ಲಿ ಒಂದು ಗಾಡಿ ಇಲ್ಲ. ಯಾರೋ ನಡು ರಸ್ತೆಯಲ್ಲಿ ಸ್ಕೀ ಹಾಕಿಕೊಂಡು ಹೋಗುತ್ತಿದ್ದರು, ಆದರೂ ಸದ್ದಿಲ್ಲ. ಹೊಸ ಸ್ನೋ ಒಳಗೆ ತುಂಬ ಗಾಳಿ ಇರುತ್ತದೆ, ಅದು ಸದ್ದನ್ನೆಲ್ಲ ಕುಡಿದುಬಿಡುತ್ತದೆ. ಬೀದಿ ದೀಪದ ಬೆಳಕು ನೆಲದಿಂದ ಮೋಡಕ್ಕೆ, ಮೋಡದಿಂದ ನೆಲಕ್ಕೆ ಬಿದ್ದು ಆಕಾಶವೆಲ್ಲ ನಸುಗೆಂಪು. ನಡುರಾತ್ರಿ ಪುಸ್ತಕ ಓದುವಷ್ಟು ಬೆಳಕಿತ್ತು. ಮರುದಿನ ಬಿಸಿಲು ಬಿದ್ದಾಗ ಮರದ ಕೊಂಬೆಗಳು ಸೂಲಂಗಿ ಬಂದ ಕಬ್ಬಿನ ಗದ್ದೆಯ ಹಾಗೆ ಕಂಡವು. ಈ ಹೋಲಿಕೆ ಕೇಳಿ ಅವಳ ಅಪ್ಪ ಮೊದಲ ಸಲ ನಕ್ಕರು. ಚಾರ್ಲ್ಸ್ ನದಿ ಗಟ್ಟಿಯಾಗಿ ಬಿಳಿ ಬಯಲಾಗಿತ್ತು. ಮಕ್ಕಳು ಟ್ರೇ, ರಟ್ಟು, ಸಿಕ್ಕಿದ್ದರ ಮೇಲೆ ಕೂತು ಇಳಿಜಾರುಗಳಲ್ಲಿ ಜಾರುತ್ತಿದ್ದರು. ಅಂಥ ಒಂದು ರಾತ್ರಿಗೆ ಎರಡೂವರೆ ಗಂಟೆಯ ಅಗೆತ ನನಗೆ ಜಾಸ್ತಿ ಅನಿಸಲಿಲ್ಲ, ಇವತ್ತೂ ಅನಿಸುವುದಿಲ್ಲ.

ಊರಿನವರು ಲಾರಿಗಳಲ್ಲಿ ಸಾಗಿಸಿ ಸೀಪೋರ್ಟ್ ಬಡಾವಣೆ ಕಡೆ ಸುರಿದ ಗುಡ್ಡ 75 ಅಡಿ ಎತ್ತರವಾಗಿತ್ತು. ಕಸ, ಮಣ್ಣು ಸೇರಿ ಕಪ್ಪಾಗಿ ನಿಂತ ಅದು ಪೂರ್ತಿ ಕರಗಿದ್ದು ಜುಲೈ 14ಕ್ಕೆ.

ಹೊರಡುವಾಗ ಹುಡುಗಿ ಏನೇನು ತೆಗೆದುಕೊಂಡು ಹೋಗಲಿ ಅಂತ ಕೇಳಿದಳು. ಕೋಟು, ಬೂಟು ಇಲ್ಲಿಂದ ಬೇಡ, ಇಲ್ಲಿನವು ಆ ಚಳಿಗೆ ಆಗುವುದಿಲ್ಲ. ಅಕ್ಟೋಬರ್‌ನಲ್ಲಿ ಅಲ್ಲೇ ಕೊಳ್ಳಲಿ. ಬೂಟಿಗೆ ನೀರು ಇಳಿಯಬಾರದು, ಅಡಿ ಜಾರಬಾರದು. ಇಲ್ಲಿಂದ ಹರಳೆಣ್ಣೆ ಒಯ್ಯಲಿ. ಹೀಟರ್ ಗಾಳಿಗೆ ತುಟಿ, ಹಿಮ್ಮಡಿ ಒಡೆಯುತ್ತವೆ. ಕೊಬ್ಬರಿ ಎಣ್ಣೆ ಅಲ್ಲಿ ಕಲ್ಲಾಗುತ್ತದೆ. ಮತ್ತೆ ಅವಳ ಅಮ್ಮನಿಗೆ ಅಂತ ಒಂದು ಲೆಕ್ಕ ಬರೆದುಕೊಟ್ಟೆ. ಚಳಿಗಾಲದಲ್ಲಿ ನಾವು ಅಲ್ಲಿಗಿಂತ ಹತ್ತೂವರೆ ಗಂಟೆ ಮುಂದೆ. ಮಗಳು ಸಂಜೆ ಏಳಕ್ಕೆ ಮೆಟ್ಟಿಲ ಸ್ನೋ ತಳ್ಳಿ ಒಳಗೆ ಬಂದರೆ ಮಂಡ್ಯದಲ್ಲಿ ಬೆಳಗಿನ ಐದೂವರೆ, ಬಾಗಿಲಿಗೆ ನೀರು ಹಾಕುವ ಹೊತ್ತು. ಆಗ ಫೋನ್ ಮಾಡು ಅಂದೆ.