ಎಪಿಐ ಭದ್ರತಾ ಪರೀಕ್ಷೆ: ಪೈಪ್‌ಲೈನಿನ ಹಸಿರು ಟಿಕ್ ನಂಬುವ ಮೊದಲು

ಕೋಡ್ ಪುಶ್ ಆದಾಗಲೆಲ್ಲ ಪೈಪ್‌ಲೈನಿನಲ್ಲಿ (ಕೋಡನ್ನು ತಾನಾಗಿ ಕಟ್ಟಿ ಪರೀಕ್ಷಿಸುವ ಸಿಐ ವ್ಯವಸ್ಥೆ) ಭದ್ರತಾ ಸ್ಕ್ಯಾನ್ ತಾನಾಗಿ ಓಡುವಂತೆ ಮಾಡುವುದು ದೊಡ್ಡ ಕೆಲಸವಲ್ಲ. ಆ ಸ್ಕ್ಯಾನ್ ನಿಜಕ್ಕೂ ಏನನ್ನಾದರೂ ಪರೀಕ್ಷಿಸುವಂತೆ ಮಾಡುವುದರಲ್ಲೇ ಕಷ್ಟವಿರುವುದು. ಸ್ಕ್ಯಾನರ್ ಲಾಗಿನ್ ಆಗದೆ ಹೊರಗೇ ನಿಂತು, ಸಾವಿರಾರು ರಿಕ್ವೆಸ್ಟ್ ಕಳಿಸಿ, ಎಲ್ಲಕ್ಕೂ 401 (ಲಾಗಿನ್ ಆಗಿಲ್ಲ) ಎಂಬ ಉತ್ತರ ಪಡೆದು, ಕೊನೆಗೆ 'ದೋಷವಿಲ್ಲ' ಎಂದು ವರದಿ ಕೊಟ್ಟಿರುತ್ತದೆ. ಇದು ಬಹಳ ಕಡೆ ನಡೆಯುವ ಸಂಗತಿ. ಇಲ್ಲಿ ಝ್ಯಾಪ್ ಎಂಬ ಸ್ಕ್ಯಾನರ್ ಬಳಸಿ ಒಂದು ರೆಸ್ಟ್ ಎಪಿಐಗೆ (ತಂತ್ರಾಂಶಗಳು ವೆಬ್ ಮೂಲಕ ಪರಸ್ಪರ ಮಾತಾಡುವ ಬಾಗಿಲು) ಪರೀಕ್ಷೆ ಕಟ್ಟುವ ಕ್ರಮ ಕೊಟ್ಟಿದ್ದೇವೆ. ಬೇರೆ ಸ್ಕ್ಯಾನರ್ ಬಳಸುವವರಿಗೂ ಎಡವುವ ಜಾಗಗಳು ಹೆಚ್ಚುಕಡಿಮೆ ಇವೇ.

ಜಾಗ ಸಿದ್ಧಮಾಡಿಕೊಳ್ಳಿ

ಝ್ಯಾಪ್ 2010ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ. ಬಹುಕಾಲ, ತಂತ್ರಾಂಶ ಭದ್ರತೆಗಾಗಿ ದುಡಿಯುವ ಒವಾಸ್ಪ್ ಸಂಸ್ಥೆಯ ಯೋಜನೆಯಾಗಿದ್ದದ್ದು 2023ರಲ್ಲಿ ಅಲ್ಲಿಂದ ಹೊರಬಂತು. ಹಳೆಯ ಲೇಖನಗಳಲ್ಲಿ ಸಿಗುವ, ಒವಾಸ್ಪ್ ಹೆಸರಿನಿಂದ ಶುರುವಾಗುವ ಡಾಕರ್ ಇಮೇಜ್‌ಗಳನ್ನು ಬಿಟ್ಟು, 'ಝ್ಯಾಪ್ರಾಕ್ಸಿ' ಹೆಸರಿನಡಿ ಇರುವ ಸ್ಟೇಬಲ್ ಇಮೇಜ್ ಎಳೆದುಕೊಳ್ಳಿ.

ಆಕ್ಟಿವ್ ಸ್ಕ್ಯಾನ್ ಎಂದರೆ ನಿಜವಾದ ದಾಳಿಯೇ. ಅದು ಪೋಸ್ಟ್, ಪುಟ್, ಡಿಲೀಟ್ ಎಲ್ಲವನ್ನೂ ಕಳಿಸುತ್ತದೆ, ಡೇಟಾಬೇಸ್ ತುಂಬ ಕಸ ಸುರಿಯುತ್ತದೆ, ಇದ್ದ ಸಾಲುಗಳನ್ನು ಅಳಿಸುತ್ತದೆ. ಆದ್ದರಿಂದ ಪ್ರತಿ ಬಾರಿ ಹೊಸದಾಗಿ ಎದ್ದು, ಕೆಲಸ ಮುಗಿದ ಮೇಲೆ ಎಸೆದುಬಿಡುವ ಡೇಟಾಬೇಸ್ ಬೇಕು. ಎಸ್‌ಎಂಎಸ್, ಇಮೇಲ್, ಪೇಮೆಂಟ್ ಗೇಟ್‌ವೇಗಳ ಜಾಗದಲ್ಲಿ ನಕಲಿ ಸರ್ವರ್ ಇಡಿ. ಇಲ್ಲದಿದ್ದರೆ ಒಟಿಪಿ ಕಳಿಸುವ ಒಂದೇ ರೂಟ್ (ಎಪಿಐನ ಒಂದು ವಿಳಾಸ) ಸಾಕು, ರಾತ್ರಿ ಬೆಳಗಾಗುವುದರೊಳಗೆ ಎಸ್‌ಎಂಎಸ್ ಬ್ಯಾಲೆನ್ಸ್ ಖಾಲಿ. ನಿಮ್ಮದಲ್ಲದ, ಲಿಖಿತ ಅನುಮತಿ ಇಲ್ಲದ ಸರ್ವರ್‌ ಮೇಲಂತೂ ಇದನ್ನು ಬಿಡಲೇಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಸೆಕ್ಷನ್‌ಗಳು ಇದಕ್ಕೆ ಅನ್ವಯಿಸುತ್ತವೆ.

ಎಪಿಐನ ನಕ್ಷೆ ಕೊಡಿ

ವೆಬ್ ಪುಟವಾದರೆ ಸ್ಪೈಡರ್ ಲಿಂಕ್ ಹಿಡಿದು ಮುಂದೆ ಹೋಗುತ್ತದೆ. ಎಪಿಐನಲ್ಲಿ ಹಿಡಿಯಲು ಲಿಂಕೇ ಇರುವುದಿಲ್ಲ, ಆದ್ದರಿಂದ ಓಪನ್‌ಎಪಿಐ ಫೈಲ್ (ಎಪಿಐನ ಎಲ್ಲ ರೂಟ್‌ಗಳ ವಿವರ) ಕೊಡಬೇಕು. ಫಾಸ್ಟ್‌ಎಪಿಐ ಇದನ್ನು ತಾನೇ ತಯಾರಿಸುತ್ತದೆ, ಸ್ಪ್ರಿಂಗ್ ಬೂಟ್‌ಗೆ ಸ್ಪ್ರಿಂಗ್‌ಡಾಕ್ ಸೇರಿಸಿದರೆ ಸಾಕು. ಕೈಯಲ್ಲಿ ಬರೆದ ಫೈಲ್ ಆದರೆ ಕೋಡಿನಲ್ಲಿರುವ ರೂಟ್‌ಗಳಿಗೂ ಫೈಲಿನಲ್ಲಿರುವುದಕ್ಕೂ ತಾಳೆ ನೋಡಿ. ಫೈಲಿನಲ್ಲಿಲ್ಲದ ರೂಟ್ ಸ್ಕ್ಯಾನರ್ ಪಾಲಿಗೆ ಇಲ್ಲವೇ ಇಲ್ಲ.

ಫೈಲಿನಲ್ಲಿ ಪ್ರತಿ ಪ್ಯಾರಾಮೀಟರ್‌ಗೂ ಉದಾಹರಣೆ ಮೌಲ್ಯ ಇರಲಿ. ಅದೂ ಸೀಡ್ ಡೇಟಾದಲ್ಲಿ (ಡೇಟಾಬೇಸ್‌ಗೆ ಮೊದಲೇ ತುಂಬಿಡುವ ಮಾಹಿತಿ) ನಿಜವಾಗಿ ಇರುವ ಮೌಲ್ಯವೇ ಆಗಿರಲಿ. ಆರ್ಡರ್ ಐಡಿಗೆ ಉದಾಹರಣೆ ಇಲ್ಲದಿದ್ದರೆ ಝ್ಯಾಪ್ ತನಗೆ ತೋಚಿದ್ದನ್ನು ಹಾಕುತ್ತದೆ, ಸರ್ವರ್ 404 (ಸಿಗಲಿಲ್ಲ) ಎನ್ನುತ್ತದೆ, ಆ ರೂಟಿನ ಒಳಗಿನ ಕೋಡ್ ಓಡುವುದೇ ಇಲ್ಲ. ಈ ಕೆಲಸ ಬೇಸರದ್ದು. ಆದರೆ ಪರೀಕ್ಷೆಯ ಆಳ ಹೆಚ್ಚಿಸಲು ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ.

ಒಳಗೆ ಬಿಡಿ, ಒಳಗೆ ಹೋಯಿತೇ ನೋಡಿ

ಇಮೇಜಿನಲ್ಲಿ ಮೂರು ಸಿದ್ಧ ಸ್ಕ್ರಿಪ್ಟ್‌ಗಳಿವೆ: ಬೇಸ್‌ಲೈನ್, ಫುಲ್ ಸ್ಕ್ಯಾನ್, ಎಪಿಐ ಸ್ಕ್ಯಾನ್. ಬೇಸ್‌ಲೈನ್ ದಾಳಿ ಮಾಡುವುದಿಲ್ಲ. ಒಂದು ನಿಮಿಷ ಪುಟಗಳನ್ನು ಸುತ್ತಿ, ಬಂದ ಉತ್ತರಗಳನ್ನಷ್ಟೇ ಓದುತ್ತದೆ. ನಮಗೆ ಬೇಕಾದದ್ದು ಮೂರನೆಯದು. ಅದಕ್ಕೆ ಓಪನ್‌ಎಪಿಐ ವಿಳಾಸ ಮತ್ತು ಫಾರ್ಮ್ಯಾಟ್ ಎರಡನ್ನೂ ಕೊಡಬೇಕು.

ವಿಳಾಸದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದರೆ ಕಂಟೇನರ್ ತನ್ನೊಳಗೇ ಹುಡುಕಿ ಸೋಲುತ್ತದೆ. ಆ್ಯಪ್ ಮತ್ತು ಝ್ಯಾಪ್ ಎರಡನ್ನೂ ಒಂದೇ ಡಾಕರ್ ನೆಟ್‌ವರ್ಕ್‌ನಲ್ಲಿಟ್ಟು, ಆ್ಯಪಿನ ಸರ್ವಿಸ್ ಹೆಸರನ್ನೇ ಬಳಸಿ. ವರದಿ ಬರೆಯುವ ಫೋಲ್ಡರ್ ಮೌಂಟ್ ಮಾಡುವಾಗ ಅನುಮತಿಯ ಕಡೆ ಗಮನವಿರಲಿ. ಕಂಟೇನರ್ ಒಳಗಿನ ಝ್ಯಾಪ್ ಬಳಕೆದಾರನಿಗೆ ಅಡ್ಮಿನ್ (ಲಿನಕ್ಸ್‌ನ 'ರೂಟ್') ಅಧಿಕಾರ ಇಲ್ಲ. ಸಿಐ ಯಂತ್ರದ ಫೋಲ್ಡರ್‌ಗೆ ಬರೆಯುವ ಅನುಮತಿ ಇಲ್ಲದಿದ್ದರೆ ಸ್ಕ್ಯಾನ್ ಪೂರ್ತಿ ಮುಗಿದರೂ ವರದಿ ಕೈಗೆ ಬರುವುದಿಲ್ಲ.

ಲಾಗಿನ್‌ನ ಗುರುತಾದ ಟೋಕನ್ ಕೊಡಲು 'ಝ್ಯಾಪ್ ಆಥ್ ಹೆಡರ್ ವ್ಯಾಲ್ಯೂ' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ (ದೊಡ್ಡಕ್ಷರಗಳು, ನಡುವೆ ಅಂಡರ್‌ಸ್ಕೋರ್). ಅದರ ಮೌಲ್ಯದಲ್ಲಿ 'ಬೇರರ್' ಎಂಬ ಪದ, ಒಂದು ಸ್ಪೇಸ್, ಆಮೇಲೆ ಟೋಕನ್ ಇರಬೇಕು. ಬರೀ ಟೋಕನ್ ಹಾಕಿದರೆ ಎಲ್ಲವೂ 401. ಸಿಐನಲ್ಲಿ ವೇರಿಯಬಲ್ ಇಟ್ಟರೆ ಮುಗಿಯಲಿಲ್ಲ, ಡಾಕರ್ ರನ್‌ ಕಮಾಂಡಿನಲ್ಲೂ ಅದನ್ನು ಒಳಕ್ಕೆ ದಾಟಿಸಬೇಕು. ಟೋಕನ್ ಆಯಸ್ಸು 15 ನಿಮಿಷ, ಸ್ಕ್ಯಾನ್ 40 ನಿಮಿಷ ಆದರೆ ಕೊನೆಯ 25 ನಿಮಿಷ ವ್ಯರ್ಥ. ಪರೀಕ್ಷಾ ಪರಿಸರದಲ್ಲಿ ಮಾತ್ರ ಆಯಸ್ಸನ್ನು ಎರಡು ಗಂಟೆಗೆ ಏರಿಸಿ. ಲಾಗೌಟ್ ರೂಟನ್ನು ಸ್ಕ್ಯಾನ್‌ಗೆ ಕೊಡುವ ಫೈಲಿನಿಂದ ತೆಗೆದುಬಿಡಿ, ಇಲ್ಲದಿದ್ದರೆ ಸ್ಕ್ಯಾನರ್ ತನ್ನ ಸೆಷನ್ನನ್ನು ತಾನೇ ಮುಗಿಸಿಕೊಳ್ಳಬಹುದು. ರೇಟ್ ಲಿಮಿಟ್ ಕೂಡ ಈ ಪರಿಸರದಲ್ಲಿ ಆಫ್ ಇರಲಿ. ಅದು ಆನ್ ಇದ್ದರೆ ಎಲ್ಲಕ್ಕೂ 429 (ರಿಕ್ವೆಸ್ಟ್ ಮಿತಿ ಮೀರಿದೆ) ಬಂದು, ಮತ್ತದೇ ಹುಸಿ ಹಸಿರು.

ಸ್ಕ್ಯಾನ್ ಮುಗಿದ ಮೇಲೆ ಆ್ಯಪಿನ ಆ್ಯಕ್ಸೆಸ್ ಲಾಗ್ ತೆಗೆದು, ರೂಟ್‌ವಾರು ಸ್ಟೇಟಸ್ ಕೋಡ್ ಎಣಿಸುವ ಪುಟ್ಟ ಸ್ಕ್ರಿಪ್ಟ್ ಬರೆಯಿರಿ. ಒಂದೇ ಒಂದು ಯಶಸ್ಸಿನ ಉತ್ತರ (200, 201 ಅಥವಾ 204) ಕಾಣದ ರೂಟ್‌ಗಳ ಪಟ್ಟಿ ಅದರಿಂದ ಹೊರಬರಲಿ. ಪಟ್ಟಿಯಲ್ಲಿ ಹೆಸರಿದ್ದರೆ ಬಿಲ್ಡ್ ನಿಲ್ಲಲಿ. ಝ್ಯಾಪ್ ಏನು ಹೇಳುತ್ತದೆ ಎನ್ನುವುದು ಇದಾದ ಮೇಲಿನ ಮಾತು.

ಯಾವಾಗ ಕೆಂಪು?

ಸ್ಕ್ರಿಪ್ಟ್ ಮುಗಿದಾಗ ಕೊಡುವ ಸಂಖ್ಯೆ 0 ಆದರೆ ಎಲ್ಲ ಸರಿ, 1 ಆದರೆ ಫೇಲ್ ಇದೆ, 2 ಆದರೆ ಎಚ್ಚರಿಕೆ ಮಾತ್ರ, 3 ಆದರೆ ಬೇರೇನೋ ಕೆಟ್ಟಿದೆ. ಹೇಳದೆ ಬಿಟ್ಟರೆ ಝ್ಯಾಪ್ ಎಲ್ಲ ನಿಯಮಗಳನ್ನೂ ಎಚ್ಚರಿಕೆ ಎಂದೇ ಎಣಿಸುತ್ತದೆ, ಎಸ್‌ಕ್ಯೂಎಲ್ ಇಂಜೆಕ್ಷನ್ (ಇನ್‌ಪುಟ್ ಮೂಲಕ ಡೇಟಾಬೇಸ್‌ಗೆ ಆದೇಶ ತೂರಿಸಲು ಬಿಡುವ ದೋಷ) ಸಿಕ್ಕರೂ ಅಷ್ಟೇ! ಮೊದಲ ದಿನ ಚಿಲ್ಲರೆ ಹೆಡರ್ ದೋಷಗಳಿಂದ 2 ಬಂದು ಬಿಲ್ಡ್ ಬೀಳುತ್ತದೆ. ಯಾರೋ ತಲೆನೋವು ತಪ್ಪಲಿ ಎಂದು ಎಚ್ಚರಿಕೆಗಳನ್ನು ಕಡೆಗಣಿಸುವ ದೊಡ್ಡಕ್ಷರದ ಐ ಫ್ಲ್ಯಾಗ್ ಸೇರಿಸುತ್ತಾರೆ. ಅಲ್ಲಿಗೆ, ದಾಳಿಯ ದೋಷ ಏನೇ ಸಿಗಲಿ, ಪೈಪ್‌ಲೈನ್ ಹಸಿರೇ.

ಸರಿಯಾದ ದಾರಿ ಹೀಗೆ. ಚಿಕ್ಕಕ್ಷರದ ಜಿ ಫ್ಲ್ಯಾಗ್ ಕೊಟ್ಟು ನಿಯಮಗಳ ಫೈಲ್ ತಯಾರಿಸಿಕೊಳ್ಳಿ. ಪ್ರತಿ ಸಾಲಿನಲ್ಲಿ ನಿಯಮದ ಸಂಖ್ಯೆ, ಒಂದು ಟ್ಯಾಬ್, ಆಮೇಲೆ ವಾರ್ನ್, ಫೇಲ್ ಅಥವಾ ಇಗ್ನೋರ್ ಇರುತ್ತದೆ. ಟ್ಯಾಬ್ ಜಾಗದಲ್ಲಿ ಸ್ಪೇಸ್ ಬಂದರೆ ಕೆಲಸ ಕೆಡುತ್ತದೆ, ಎಡಿಟರ್ ಟ್ಯಾಬನ್ನು ತಾನಾಗಿ ಸ್ಪೇಸ್ ಮಾಡುತ್ತದೆಯೇ ನೋಡಿಕೊಳ್ಳಿ. 40018, ಅಂದರೆ ಎಸ್‌ಕ್ಯೂಎಲ್ ಇಂಜೆಕ್ಷನ್, ಮತ್ತು 40012, ಅಂದರೆ ರಿಫ್ಲೆಕ್ಟೆಡ್ ಎಕ್ಸ್‌ಎಸ್‌ಎಸ್ (ಬ್ರೌಸರ್‌ನಲ್ಲಿ ದಾಳಿಕೋರನ ಸ್ಕ್ರಿಪ್ಟ್ ಓಡಲು ಬಿಡುವ ದೋಷ), ಇವನ್ನು ಫೇಲ್ ಮಾಡಿ. ಕಮಾಂಡ್ ಇಂಜೆಕ್ಷನ್, ಪಾತ್ ಟ್ರಾವರ್ಸಲ್ ಕೂಡ ಹಾಗೇ. ಜೇಸನ್ ಮಾತ್ರ ಕೊಡುವ ಎಪಿಐಗೆ 10038, ಅಂದರೆ ಸಿಎಸ್‌ಪಿ ಹೆಡರ್ (ಪುಟದಲ್ಲಿ ಯಾವ ಸ್ಕ್ರಿಪ್ಟ್ ಓಡಬಹುದೆಂದು ಬ್ರೌಸರ್‌ಗೆ ಹೇಳುವುದು) ಇಲ್ಲವೆಂಬ ದೂರು, ಇಗ್ನೋರ್ ಆದರೆ ನಷ್ಟವಿಲ್ಲ. ಈ ಫೈಲನ್ನು ಸ್ಕ್ಯಾನ್‌ಗೆ ಕೊಟ್ಟ ಮೇಲೆ ಐ ಫ್ಲ್ಯಾಗ್ ಬಳಸಿದರೆ ಅಡ್ಡಿಯಿಲ್ಲ.

ಈಗ ಒಂದು ಬ್ರ್ಯಾಂಚ್ ತೆಗೆದು, ಹುಡುಕುವ ರೂಟಿನಲ್ಲಿ ಬೇಕೆಂದೇ ಬಳಕೆದಾರನ ಇನ್‌ಪುಟ್ಟನ್ನು ಎಸ್‌ಕ್ಯೂಎಲ್ ಸ್ಟ್ರಿಂಗ್‌ಗೆ ನೇರ ಅಂಟಿಸಿ ಪುಶ್ ಮಾಡಿ, ಝ್ಯಾಪ್ ಸ್ಕ್ಯಾನ್ ಓಡಿಸಿ. ಪೈಪ್‌ಲೈನ್ ಕೆಂಪಾಗಬೇಕು. ಆಗದಿದ್ದರೆ ಮೇಲಿನ ಯಾವುದೋ ಹಂತ ಬಿಟ್ಟುಹೋಗಿದೆ. ಬ್ರ್ಯಾಂಚ್ ಅಳಿಸುವುದನ್ನು ಮರೆಯಬೇಡಿ.

ಕೆಂಪಾದದ್ದೆಲ್ಲ ನಿಜವೂ ಅಲ್ಲ. ಸಮಯ ಅಳೆದು ಕಂಡುಹಿಡಿಯುವ ಇಂಜೆಕ್ಷನ್ ಪರೀಕ್ಷೆಗಳು ನಿಧಾನದ ಸಿಐ ಯಂತ್ರದಲ್ಲಿ ಸುಳ್ಳು ಹೇಳುತ್ತವೆ. ಡೇಟಾಬೇಸ್ ತಾನಾಗಿ ತಡಮಾಡಿದ್ದನ್ನೇ ಇಂಜೆಕ್ಷನ್ ಎಂದುಕೊಳ್ಳುತ್ತವೆ. ವರದಿಯಲ್ಲಿರುವ ರಿಕ್ವೆಸ್ಟನ್ನು ಕರ್ಲ್‌ನಿಂದ ಮತ್ತೆರಡು ಬಾರಿ ಕಳಿಸಿ, ತಡ ಪ್ರತಿ ಸಲ ಕಾಣುತ್ತದೆಯೇ ನೋಡಿ ತೀರ್ಮಾನಿಸಿ.

ಸ್ಕ್ಯಾನರ್‌ಗೆ ಗೊತ್ತಾಗದ ದೋಷ

ಒವಾಸ್ಪ್‌ನ ಎಪಿಐ ಅಪಾಯಗಳ ಪಟ್ಟಿಯಲ್ಲಿ 2019ರಲ್ಲೂ 2023ರಲ್ಲೂ ಮೊದಲ ಸ್ಥಾನ ಬೋಲಾದ್ದೇ: ಒಬ್ಬರ ದಾಖಲೆಯನ್ನು ಇನ್ನೊಬ್ಬರು ಐಡಿ ಬದಲಿಸಿ ತೆರೆಯುವುದು. ಸ್ಕ್ಯಾನರ್ ಕಣ್ಣಿಗೆ ಅದೊಂದು ಸಾಮಾನ್ಯ 200. ಆರ್ಡರ್ 57 ಯಾರದ್ದು ಎಂಬುದು ಅದಕ್ಕೇನು ಗೊತ್ತು? ಇದರ ಟೆಸ್ಟನ್ನು ನೀವೇ ಪೈಟೆಸ್ಟ್, ಜೆಸ್ಟ್‌ನಂಥ ಟೆಸ್ಟ್ ಸಾಧನದಲ್ಲಿ ಬರೆಯಬೇಕು.

ರಮೇಶ, ಸುಮಾ ಎಂಬ ಎರಡು ಪರೀಕ್ಷಾ ಖಾತೆ ಮಾಡಿ. ರಮೇಶನ ಟೋಕನ್‌ನಿಂದ ಆರ್ಡರ್ ಸೃಷ್ಟಿಸಿ ಐಡಿ ಇಟ್ಟುಕೊಳ್ಳಿ. ಸುಮಾಳ ಟೋಕನ್‌ನಿಂದ ಅದೇ ಐಡಿಗೆ ಗೆಟ್, ಪುಟ್, ಡಿಲೀಟ್ ಕಳಿಸಿದರೆ 403 (ಅನುಮತಿ ಇಲ್ಲ) ಅಥವಾ 404 ಬರಬೇಕು. ಟೋಕನ್ನೇ ಇಲ್ಲದೆ ಕಳಿಸಿದರೆ 401. ಕೊನೆಗೆ ರಮೇಶನ ಟೋಕನ್‌ನಿಂದಲೇ ಮತ್ತೆ ಗೆಟ್ ಮಾಡಿ, ದಾಖಲೆ ಹಾಗೇ ಇದೆಯೇ ನೋಡಿ. ಈ ಕೊನೆಯ ಹೆಜ್ಜೆಯನ್ನೇ ಜನ ಬಿಡುವುದು. ಸರ್ವರ್ ಮೊದಲು ಅಳಿಸಿ ಆಮೇಲೆ 403 ಕೊಡುವ ಕೋಡ್ ಇದ್ದರೆ, ಸ್ಟೇಟಸ್ ಮಾತ್ರ ನೋಡುವ ಟೆಸ್ಟ್ ಪಾಸಾಗಿಬಿಡುತ್ತದೆ. ಐಡಿ ತೆಗೆದುಕೊಳ್ಳುವ ಪ್ರತಿ ರೂಟ್‌ಗೂ ಇದು ಬೇಕು. ಹೊಸ ರೂಟ್ ಸೇರಿ ಟೆಸ್ಟ್ ಸೇರದಿದ್ದರೆ ರಿವ್ಯೂನಲ್ಲಿ ಹಿಂದಿರುಗಿಸಿ.

ಯಾವುದು ಯಾವಾಗ

ಪುಲ್ ರಿಕ್ವೆಸ್ಟ್‌ನಲ್ಲಿ ಬೇಗ ಮುಗಿಯುವವು ಇರಲಿ: ಈ ಎರಡು ಖಾತೆಗಳ ಟೆಸ್ಟ್, ಕೋಡ್ ಓದುವ ಸೆಮ್‌ಗ್ರೆಪ್, ಲೈಬ್ರರಿಗಳಿಗೆ ಟ್ರಿವಿ, ಗುಟ್ಟಿನ ಕೀಲಿಗಳಿಗೆ ಗಿಟ್‌ಲೀಕ್ಸ್. ಗಿಟ್‌ಹಬ್ ಆ್ಯಕ್ಷನ್ಸ್‌ನ ಚೆಕೌಟ್ ಹೇಳದಿದ್ದರೆ ಕೊನೆಯ ಕಮಿಟ್ ಒಂದನ್ನೇ ತರುತ್ತದೆ. ಗಿಟ್‌ಲೀಕ್ಸ್‌ಗೆ ಇಡೀ ಚರಿತ್ರೆ ಕಾಣಬೇಕಾದರೆ ಫೆಚ್ ಡೆಪ್ತ್ 0 ಇಡಿ. ಕೀಲಿ ಸಿಕ್ಕರೆ ಫೈಲಿನಿಂದ ಅಳಿಸಿ ಸುಮ್ಮನಾಗಬೇಡಿ, ಕೀಲಿಯನ್ನೇ ಬದಲಿಸಿ.

ಝ್ಯಾಪ್‌ನ ಎಪಿಐ ಸ್ಕ್ಯಾನ್ ರಾತ್ರಿ ಓಡಲಿ. ದೊಡ್ಡಕ್ಷರದ ಟಿ ಫ್ಲ್ಯಾಗ್ ಆಕ್ಟಿವ್ ಸ್ಕ್ಯಾನಿನ ಸಮಯಕ್ಕೆ ಮಿತಿ ಹಾಕುವುದಿಲ್ಲ. ಅದು ಝ್ಯಾಪ್ ಏಳುವುದಕ್ಕೂ ಪ್ಯಾಸಿವ್ ಸ್ಕ್ಯಾನಿಗೂ ಕಾಯುವ ಅವಧಿ ಮಾತ್ರ. ಆದ್ದರಿಂದ ಸಿಐ ಜಾಬ್‌ಗೇ ಗರಿಷ್ಠ ಅವಧಿ ಕೊಡಿ. ಸ್ಟೇಬಲ್ ಟ್ಯಾಗ್ ಎಳೆಯುತ್ತಿದ್ದರೆ ಹೊಸ ನಿಯಮಗಳು ಬಂದು ಏನೂ ಬದಲಾಗದ ಕೋಡ್ ಕೂಡ ಒಂದು ಬೆಳಗ್ಗೆ ಕೆಂಪಾಗಬಹುದು. ಇಮೇಜನ್ನು ಡೈಜೆಸ್ಟ್‌ನಿಂದ (ಒಂದೇ ಆವೃತ್ತಿಯನ್ನು ಗುರುತಿಸುವ ಸಂಕೇತ) ಬಿಗಿಮಾಡಿ, ತಿಂಗಳಿಗೊಮ್ಮೆ ಪ್ರತ್ಯೇಕ ಪುಲ್ ರಿಕ್ವೆಸ್ಟ್‌ನಲ್ಲಿ ಬದಲಿಸಿ. ಆಗ ಯಾವ ಕೆಂಪು ಹೊಸ ನಿಯಮದ್ದು, ಯಾವುದು ಹೊಸ ಕೋಡಿನದ್ದು ಎಂದು ಬೇರ್ಪಡಿಸುವುದು ಸುಲಭವಾಗುತ್ತದೆ.