ದಾವೆ ಸೋತ ದಿನವೇ ತೀರ್ಪಿನ ನಕಲು ಪ್ರತಿಗೆ ಅರ್ಜಿ ಹಾಕಿ

ಮೆಕ್ಕೆಜೋಳ ಪೂರೈಕೆಯ ಕರಾರಿನ ದಾವೆ ದಾವಣಗೆರೆಯಲ್ಲಿ ನಿಮ್ಮ ವಿರುದ್ಧ ತೀರ್ಮಾನವಾಯಿತು ಅನ್ನಿ. ‘ಇನ್ನೂ 90 ದಿನ ಇದೆಯಲ್ಲ ಸಾರ್’ ಎಂದು ಮಂಡಿ ವ್ಯಾಪಾರದಲ್ಲಿ ಮುಳುಗಿದವರೇ ಮೇಲ್ಮನವಿ ಕಳೆದುಕೊಳ್ಳುವುದು.

ಮೊದಲು ಗಡುವು ನೋಡಿ. ಸಾಮಾನ್ಯ ಸಿವಿಲ್ ದಾವೆಯಾದರೆ ಹೈಕೋರ್ಟಿಗೆ 90 ದಿನ, ಅದಕ್ಕಿಂತ ಕೆಳಗಿನ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ. ಮೂರು ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೌಲ್ಯದ ವ್ಯಾಜ್ಯ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯಡಿ ನಡೆದಿದ್ದರೆ ಬರೀ 60 ದಿನ. ಈ ಕಾಯ್ದೆಯಡಿ ವಿಳಂಬ ಮನ್ನಾ, ಅಂದರೆ ಗಡುವು ಮೀರಿ ಬಂದ ಮೇಲ್ಮನವಿಯನ್ನು ಒಪ್ಪುವುದು, ಅಪರೂಪಕ್ಕೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಹೈಕೋರ್ಟ್ ಎಂದರೆ ಬೆಂಗಳೂರು. ಪಕ್ಕದ ರಾಣೆಬೆನ್ನೂರಿನವರು ಧಾರವಾಡಕ್ಕೆ ಹೋಗುತ್ತಾರೆಂದು ನೀವೂ ಹೊರಡಬೇಡಿ. ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರು ಪೀಠಕ್ಕೆ ಸೇರಿವೆ.

ಎಡವುವುದು ನಕಲಿನಲ್ಲಿ. ತೀರ್ಪು ಮತ್ತು ಡಿಕ್ರಿಯ (ತೀರ್ಪಿನಂತೆ ಯಾರು ಏನು ಕೊಡಬೇಕೆಂಬ ವಿಧ್ಯುಕ್ತ ಆದೇಶ) ದೃಢೀಕೃತ ನಕಲಿಗೆ ಅದೇ ದಿನ ಅರ್ಜಿ ಕೊಡಿ. ನಕಲು ಸಿದ್ಧವಾಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಟ್ಟು ಗಡುವನ್ನು ಅಷ್ಟು ಮುಂದಕ್ಕೆ ಹಾಕುತ್ತಾರೆ, ಆದರೆ ಅರ್ಜಿ ಹಾಕಿದ ಮೇಲಿನ ದಿನಗಳನ್ನು ಮಾತ್ರ. ಡಿಕ್ರಿ ಬರೆದಾಗಲಿ ಎಂದು ಅರ್ಜಿ ಹಾಕದೆ ಕಾದ ದಿನಗಳು ನಿಮ್ಮ ಖಾತೆಗೇ. ನಕಲಿನ ಮೇಲಿನ ಮುದ್ರೆಯಲ್ಲಿ ಅರ್ಜಿ ಕೊಟ್ಟದ್ದು, ಶುಲ್ಕ ಕಟ್ಟಿದ್ದು, ಸಿದ್ಧವಾದದ್ದು, ಪಡೆದದ್ದು ಎಂದು ತಾರೀಖುಗಳಿರುತ್ತವೆ. ವಾಣಿಜ್ಯ ದಾವೆಯ ತೀರ್ಪು ಜೂನ್ 3ಕ್ಕೆ, ಅರ್ಜಿ 10ಕ್ಕೆ, ನಕಲು ಸಿದ್ಧವಾದದ್ದು 24ಕ್ಕೆ, ನೀವು ಒಯ್ದದ್ದು ಜುಲೈ 5ಕ್ಕೆ ಎಂದಿಟ್ಟುಕೊಳ್ಳಿ. 60 ದಿನ ಆಗಸ್ಟ್ 2ಕ್ಕೆ ಮುಗಿಯುತ್ತದೆ; ಅದಕ್ಕೆ ಸೇರುವುದು 10ರಿಂದ 24ರವರೆಗಿನ 15 ದಿನ, ಅಂದರೆ ಆಗಸ್ಟ್ 17. ಸಿದ್ಧವಾದ ನಕಲು ನಕಲು ಶಾಖೆಯಲ್ಲಿ ಬಿದ್ದಿದ್ದ ದಿನಗಳಿಗೆ ವಿನಾಯಿತಿ ಇಲ್ಲ. ಶುಲ್ಕ ಕೇಳಿದ ಮೇಲೂ ಕಟ್ಟದೆ ಕೂತರೆ ಅದೂ ಹಾಗೆಯೇ. ಇ-ಕೋರ್ಟ್ಸ್ ಜಾಲತಾಣದ ಪಿಡಿಎಫ್ ಓದಿಕೊಳ್ಳಲು ಸಾಕು, ಸಲ್ಲಿಸಲು ಆಗದು.

ಆಮೇಲೆ ಮೇಲ್ಮನವಿಯ ಆಧಾರಗಳು, ಅಂದರೆ ತೀರ್ಪು ಎಲ್ಲಿ ತಪ್ಪಿದೆ ಎಂಬ ಕಾರಣಗಳು. ‘ತೀರ್ಪು ಕಾನೂನಿಗೂ ಸಾಕ್ಷ್ಯಕ್ಕೂ ವಿರುದ್ಧ’ ಎಂಬ ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಗೆ ದುಡ್ಡು ಕೊಡಲೇಬೇಡಿ. ಒಂದೊಂದು ವಿವಾದಾಂಶ (ನ್ಯಾಯಾಲಯ ತೀರ್ಮಾನಿಸಿದ ಪ್ರಶ್ನೆ) ಹಿಡಿದು ಬರೆಸಿ: ಕರಾರಿನಲ್ಲಿ ತೇವಾಂಶ ಶೇ 14 ಮೀರಬಾರದು ಎಂದಿತ್ತು, ನಿಶಾನೆ ಪಿ-7 ಎಂದು ನ್ಯಾಯಾಲಯ ಗುರುತು ಹಾಕಿದ ತೂಕದ ಚೀಟಿಯಲ್ಲಿ ಶೇ 17 ಇದೆ, ಪಾಟೀಸವಾಲಿನಲ್ಲಿ ವಾದಿ ಅದನ್ನು ಒಪ್ಪಿದ್ದಾನೆ, ತೀರ್ಪಿನಲ್ಲಿ ಅದರ ಚರ್ಚೆಯೇ ಇಲ್ಲ. ಹೀಗೆ ನಾಲ್ಕು ಗಟ್ಟಿ ಆಧಾರ ಇದ್ದರೆ ಇಪ್ಪತ್ತು ಜೊಳ್ಳು ಬೇಡ. ದಾವೆ ನಡೆದಾಗ ಹಾಜರುಪಡಿಸದ ವಾಟ್ಸಾಪ್ ಸಂದೇಶ ಈಗ ತರುತ್ತೇನೆಂದರೆ ಸುಲಭಕ್ಕೆ ಬಿಡುವುದಿಲ್ಲ. ಎಷ್ಟು ಪ್ರಯತ್ನಿಸಿದರೂ ಆಗ ಸಿಕ್ಕಿರಲಿಲ್ಲವೆಂದು ತೋರಿಸಬೇಕು.

ನ್ಯಾಯಾಲಯ ಶುಲ್ಕ ನೀವು ಪ್ರಶ್ನಿಸುವ ಮೊತ್ತಕ್ಕಷ್ಟೇ. ಅಸಲು ಒಪ್ಪಿ ಬಡ್ಡಿಯನ್ನಷ್ಟೇ ಪ್ರಶ್ನಿಸಿದರೆ ಶುಲ್ಕವೂ ಇಳಿಯುತ್ತದೆ.

ಮೇಲ್ಮನವಿ ಹಾಕಿದ್ದೇವೆಂದು ಡಿಕ್ರಿ ತಾನಾಗಿ ನಿಲ್ಲದು. ತಡೆಯಾಜ್ಞೆಯ ಅರ್ಜಿ ಜೊತೆಗೇ ಇರಲಿ. ಹಣದ ಡಿಕ್ರಿಯಾದರೆ ಠೇವಣಿ ಅಥವಾ ಭದ್ರತೆ ಕೇಳುತ್ತಾರೆ. ಆ ಮೊತ್ತ ಹೊಂದಿಸಿಕೊಂಡೇ ಬೆಂಗಳೂರಿನ ಬಸ್ ಹತ್ತಿ.